ಒಂದು ಹಲಗೆ, ನಾಲ್ಕು ಬಿಟ್

ಪ್ರತಿ ವರ್ಷ ನವೆಂಬರ್ ಬಂತು ಅಂದ್ರೆ ನಮ್ಮ ಕನ್ನಡ ಸಂಘಕ್ಕೆ ಒಂದು ಹೊಸ ಫ್ಲೆಕ್ಸ್ ಬರುತ್ತೆ. ಡಿಸೆಂಬರ್ ಹೊತ್ತಿಗೆ ಅದು ಹಾಸ್ಟೆಲ್ ಹಿಂದೆ ಯಾರದ್ದೋ ಬೈಕಿಗೆ ಹೊದಿಕೆಯಾಗಿರುತ್ತೆ. ಈ ಸಲ ಮರದಲ್ಲೇ ಒಂದು ಬೋರ್ಡ್ ಕೆತ್ತೋಣ ಅಂತ ನಾವು ನಾಲ್ವರು ಹೊರಟೆವು. ಮೆಕ್ಯಾನಿಕಲ್‌ನವನೊಬ್ಬ, ಇ.ಸಿ.ಯವಳೊಬ್ಬಳು, ಸಿ.ಎಸ್.ನವರಿಬ್ಬರು. ನಾಲ್ವರೂ ಸೆಕೆಂಡ್ ಇಯರ್, ನಾಲ್ವರೂ ಇಂಗ್ಲಿಷ್ ಮೀಡಿಯಂ. ಮರಗೆಲಸ ಯಾರ ಮನೆಯಲ್ಲೂ ಇಲ್ಲ.

ಟೂಲ್ ಇತ್ತು. ಪಾಸಾಗಿ ಹೋದ ಸೀನಿಯರ್ ಒಬ್ಬರು ಸಂಘದ ಬೀರುವಿನಲ್ಲಿ ಒಂದು ರೋಟರಿ ಟೂಲ್ ಬಿಟ್ಟುಹೋಗಿದ್ದರು. ಕೈಯಲ್ಲಿ ಪೆನ್ನಿನಂತೆ ಹಿಡಿಯಬಹುದಾದ ಪುಟ್ಟ ಮೋಟಾರು ಅದು. ತುದಿಗೆ ಯಾವ ಬಿಟ್ ಹಾಕುತ್ತೀರೋ ಆ ಕೆಲಸ ಮಾಡುತ್ತೆ. ಜೊತೆಗೆ 30 ಬಿಟ್‌ಗಳ ಒಂದು ಡಬ್ಬಿ. ಡಬ್ಬಿ ತೆರೆದರೆ ಚೆಂಡು, ಸೂಜಿ, ಸಿಲಿಂಡರ್, ದೀಪದ ಕುಡಿ, ತಲೆಕೆಳಗಾದ ಕೋನ್, ಹೀಗೆ ಮೂವತ್ತು ಆಕಾರ. ಇದರಲ್ಲಿ ಯಾವುದು ನಮಗೆ ಬೇಕು?

ಮರವೂ ಇತ್ತು. ಸಿ.ಎಸ್.ನವನೊಬ್ಬನ ಅಜ್ಜನ ಮನೆ ಸಾಗರದ ಹತ್ತಿರದ ಹಳ್ಳಿಯಲ್ಲಿ. ಹಳೇ ಮನೆ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಬಾಗಿಲು, ಕಿಟಕಿ, ತೊಲೆಯೆಲ್ಲ ಹಳೇ ಮರ ಕೊಳ್ಳುವವರ ಲಾರಿ ಹತ್ತಿ ಹೋಗಿತ್ತು. ಒಂದು ಬಾಗಿಲಿನ ಹಲಸಿನ ಹಲಗೆಯನ್ನು ಮಾತ್ರ ಅಜ್ಜ ಎತ್ತಿಟ್ಟುಕೊಂಡಿದ್ದರು. ಸುಮಾರು ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಹೊಗೆ ಹಿಡಿದು ಕಪ್ಪಗಾಗಿತ್ತು. "ನಮ್ಮಪ್ಪಯ್ಯ ಹಾಕ್ಸಿದ ಬಾಗ್ಲು ಇದು. ಇನ್ನೊಂದು ಅಂದ್ರೆ ಇಲ್ಲ ಮತ್ತೆ. ನೋಡ್ಕಂಡ್ ಮಾಡಿ" ಅಂದರು.

ಆ ಮಾತು ಕೇಳಿದ ಮೇಲೆ ನಾವು ಎರಡು ವಾರ ಹಲಗೆಯನ್ನು ಮುಟ್ಟಲೇ ಇಲ್ಲ. ಊರಿನ ಸಾಮಿಲ್‌ನಿಂದ ಹಲಸು ಮತ್ತು ತೇಗದ ತುಂಡುಗಳನ್ನು ತಂದು ಬಿಟ್‌ಗಳನ್ನೆಲ್ಲ ಒಂದೊಂದಾಗಿ ಅದರ ಮೇಲೆ ಪರೀಕ್ಷೆ ಮಾಡಿದೆವು. ಮುಂದೆ ಬರೆದಿರೋದೆಲ್ಲ ಆ ಎರಡು ವಾರದ್ದು. ನಿಮ್ಮಲ್ಲಿ ಯಾರಿಗಾದರೂ ಮರ ಕೆತ್ತುವ ಆಸೆ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ನೋಡಬೇಕಾದ್ದು ಬಿಟ್‌ನ ಹಿಂಭಾಗ, ಅಂದರೆ ಶ್ಯಾಂಕ್. ಟೂಲ್‌ನ ಬಾಯಲ್ಲಿ ಕೂರುವ ಕಡ್ಡಿ ಅದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋದು ಮೂರು ಅಳತೆ: 2.35 ಮಿ.ಮೀ., 3 ಮಿ.ಮೀ. ಮತ್ತು 1/8 ಇಂಚು, ಅಂದರೆ 3.175 ಮಿ.ಮೀ. ಕಣ್ಣಿಗೆ ಕೊನೆಯ ಎರಡೂ ಒಂದೇ ಥರ. ಆದರೆ ಬಿಟ್ಟನ್ನು ಹಿಡಿದುಕೊಳ್ಳುವ ಕಾಲೆಟ್‌ಗೆ ವ್ಯತ್ಯಾಸ ಗೊತ್ತಾಗುತ್ತೆ. ಟೂಲ್ ನಿಮಿಷಕ್ಕೆ 10,000ದಿಂದ 30,000 ಸುತ್ತು ತಿರುಗುವಂಥದ್ದು. ಅಷ್ಟು ವೇಗದಲ್ಲಿ ಬಿಟ್ ಸಡಿಲವಾಗಿದ್ದರೆ ಗಡಗಡ ನಡುಗುತ್ತೆ, ಗೆರೆ ಅಂಕುಡೊಂಕಾಗುತ್ತೆ, ಕೆಲವೊಮ್ಮೆ ಬಿಟ್ ಹಾರಿಯೇ ಹೋಗಬಹುದು. ಆದ್ದರಿಂದ ಶ್ಯಾಂಕ್‌ಗೆ ಸರಿಯಾದ ಕಾಲೆಟ್ ಇದ್ದರೆ ಮಾತ್ರ ಹಾಕಿ. ಲ್ಯಾಬ್‌ನ ವರ್ನಿಯರ್ ಕ್ಯಾಲಿಪರ್ ವೈವಾ ಬಿಟ್ಟು ಬೇರೆ ಕೆಲಸಕ್ಕೂ ಬರುತ್ತೆ ಅಂತ ನಮಗೆ ಗೊತ್ತಾಗಿದ್ದು ಇಲ್ಲೇ.

ಎರಡನೆಯದು, ಬಿಟ್ ಯಾವುದರಿಂದ ಮಾಡಿದ್ದು ಅನ್ನೋದು. ನಮ್ಮ ಡಬ್ಬಿಯ ಮೂವತ್ತೂ ವಜ್ರದ ಪುಡಿ ಅಂಟಿಸಿದವು. ಹೆಸರು ಕೇಳಿದರೆ ಇದಕ್ಕಿಂತ ಮೇಲಿನದು ಏನಿದೆ ಅನ್ನಿಸುತ್ತೆ. ಆದರೆ ವಜ್ರದ ಬಿಟ್ಟಿಗೆ ಹಲ್ಲುಗಳಿಲ್ಲ. ಅದು ಕತ್ತರಿಸಲ್ಲ, ಉಜ್ಜುತ್ತೆ. ಕಲ್ಲು, ಗಾಜು, ಪಿಂಗಾಣಿಗೆ ಹೇಳಿಮಾಡಿಸಿದ್ದು. ಮರದ ಮೇಲೆ ಇಟ್ಟರೆ ವಜ್ರದ ಕಾಳುಗಳ ನಡುವೆ ಮರದ ಪುಡಿ ತುಂಬಿಕೊಳ್ಳುತ್ತೆ. ಆಮೇಲೆ ಉಜ್ಜುವುದು ಮರವನ್ನು ಮರವೇ. ಬಿಸಿಯಾಗಿ ಹೊಗೆ ಬರುತ್ತೆ, ಗೆರೆ ಕಪ್ಪಾಗುತ್ತೆ. ಹಲಸಿನ ತುಂಡಿನ ಮೇಲೆ ಒಂದು ನಿಮಿಷ ಓಡಿಸಿದಾಗ ವರ್ಕ್‌ಶಾಪ್ ತುಂಬ ಹೋಮದ ವಾಸನೆ.

ಮರಕ್ಕೆ ಬೇಕಾದ್ದು ನಿಜವಾದ ಹಲ್ಲಿರುವ, ಹಲ್ಲುಗಳ ನಡುವೆ ಅಗಲವಾದ ಕಾಲುವೆ ಇರುವ ಬಿಟ್. ಕತ್ತರಿಸಿದ ಚೂರು ಆ ಕಾಲುವೆಯಿಂದ ಹೊರಗೆ ಹೋಗಬೇಕು. ಇದರಲ್ಲಿ ಎರಡು ಜಾತಿ. ಎಚ್‌ಎಸ್‌ಎಸ್, ಅಂದರೆ ಹೈ ಸ್ಪೀಡ್ ಸ್ಟೀಲ್, ಹರಿತವಾಗಿರುತ್ತೆ, ಬೆಲೆ ಕಡಿಮೆ, ಮರದಲ್ಲಿ ನುಣ್ಣಗೆ ಹೋಗುತ್ತೆ. ಟಂಗ್‌ಸ್ಟನ್ ಕಾರ್ಬೈಡ್ ಇನ್ನೂ ಗಟ್ಟಿ, ಹೆಚ್ಚು ದಿನ ಬಾಳುತ್ತೆ, ಆದರೆ ಬೆಲೆ ಜಾಸ್ತಿ, ಪೆಟ್ಟು ಬಿದ್ದರೆ ಚೂರಾಗುವ ಸ್ವಭಾವ. ಕಾರ್ಬೈಡ್‌ನಲ್ಲೇ ಲೋಹಕ್ಕಾಗಿ ಮಾಡಿದ, ಚೌಕಚೌಕವಾಗಿ ಸಣ್ಣ ಹಲ್ಲಿರುವ ಡಬಲ್ ಕಟ್ ಬಿಟ್‌ಗಳು ಬರುತ್ತವೆ. ಮೃದುವಾದ ಮರದಲ್ಲಿ ಅವೂ ತುಂಬಿಕೊಳ್ಳುತ್ತವೆ. ಇನ್ನು ತೇಗದ ಕೆಲಸವಾದರೆ ಲೆಕ್ಕ ಬೇರೆ. ತೇಗದೊಳಗೆ ಸಿಲಿಕಾ ಇರುತ್ತೆ, ಅದು ಸ್ಟೀಲನ್ನು ಬೇಗ ಮೊಂಡು ಮಾಡುತ್ತೆ. ಅಲ್ಲಿ ಕಾರ್ಬೈಡ್‌ಗೆ ಕೊಟ್ಟ ದುಡ್ಡು ವಸೂಲಾಗುತ್ತೆ. ನಮ್ಮದು ಹಲಸು. ಮೃದಂಗ, ವೀಣೆಗಳನ್ನು ಮಾಡುವ ಮರ, ತೀರಾ ಗಟ್ಟಿಯೂ ಅಲ್ಲ, ತೀರಾ ಮೆತ್ತಗೂ ಅಲ್ಲ. ಎಚ್‌ಎಸ್‌ಎಸ್ ಸಾಕಾಯಿತು.

ಮೂರನೆಯದು ಆಕಾರ. ನಮ್ಮನ್ನು ನಿಜವಾಗಿ ನಿಲ್ಲಿಸಿದ್ದು ಇದೇ. ಕೆತ್ತಬೇಕಾದ್ದು ಎರಡು ಪದ: ಕನ್ನಡ ಸಂಘ. ಸಿ.ಎಸ್.ನವರು ಒಳ್ಳೆಯ ಫಾಂಟ್ ಒಂದನ್ನು ಹುಡುಕಿ ದೊಡ್ಡದಾಗಿ ಪ್ರಿಂಟ್ ತೆಗೆದರು. ಆದರೆ ಪ್ರಿಂಟ್‌ನಲ್ಲಿ ಸಿಗೋದು ಅಕ್ಷರದ ಹೊರಗಿನ ಅಂಚು ಮಾತ್ರ. ಬಿಟ್ ಅಂಚಿನಲ್ಲಿ ಹೋಗಲ್ಲ, ಗೆರೆಯ ನಡುವೆ ಹೋಗುತ್ತೆ, ಬರೆಯುವ ಪೆನ್ನಿನಂತೆ. ಅಂದರೆ ಅಕ್ಷರ ಎಲ್ಲಿ ಶುರುವಾಗುತ್ತೆ, ಯಾವ ಕಡೆ ಸುತ್ತುತ್ತೆ, ಎಲ್ಲಿ ಕೈ ಎತ್ತಬೇಕು ಅಂತ ಗೊತ್ತಿರಬೇಕು. ನಾಲ್ವರೂ ಒಂದೊಂದು ಹಾಳೆಯಲ್ಲಿ 'ಘ' ಬರೆದೆವು. ನಾಲ್ಕು ಹಾಳೆ, ನಾಲ್ಕು ಥರದ ಘ.

ನಾವು ಕನ್ನಡ ಓದುತ್ತೇವೆ, ದಿನವಿಡೀ ಮೆಸೇಜ್ ಮಾಡುತ್ತೇವೆ. ಆದರೆ ಮಾಡೋದು ಇಂಗ್ಲಿಷ್ ಕೀಲಿಗಳನ್ನು ಒತ್ತಿ. ಜಿ, ಎಚ್, ಎ ಒತ್ತಿದರೆ ಫೋನ್ ತಾನೇ ಘ ಮಾಡಿಕೊಡುತ್ತೆ. ಶಾಲೆಯಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಮುಗಿದ ಮೇಲೆ ಪೆನ್ನು ಹಿಡಿದು ಕನ್ನಡ ಬರೆದದ್ದು ಬಹಳ ಕಡಿಮೆ. ಅಕ್ಷರ ನಮ್ಮ ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಕೈಗೆ ಗೊತ್ತಿಲ್ಲದ ಅಕ್ಷರಕ್ಕೆ ಬಿಟ್ ಆರಿಸೋದು ಹೇಗೆ?

ಕೊನೆಗೆ ಅಜ್ಜನನ್ನೇ ಕೇಳಿದೆವು. ಅವರು ಚಿಕ್ಕವರಿದ್ದಾಗ ಮರಳ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿದವರು. ಹಳೇ ಕ್ಯಾಲೆಂಡರ್‌ನ ಹಿಂಬದಿಗೆ ದಪ್ಪ ಸ್ಕೆಚ್ ಪೆನ್ನಿನಲ್ಲಿ 'ಕನ್ನಡ ಸಂಘ' ಅಂತ ಬರೆದುಕೊಟ್ಟರು. ಮೊಮ್ಮಗ ಅವರು ಬರೆಯುವುದನ್ನು ವಿಡಿಯೋ ಮಾಡಿಕೊಂಡು ಬಂದ. ಆ ವಿಡಿಯೋ ನೋಡುತ್ತಾ ನಾಲ್ವರೂ ಒಂದೊಂದು ಅಕ್ಷರವನ್ನು ಐವತ್ತು ಸಲ ಬರೆದೆವು. ಹಾಸ್ಟೆಲ್ ವಾರ್ಡನ್ ಒಮ್ಮೆ ಒಳಗೆ ಬಂದು ನೋಡಿ, ಇಂಪೋಸಿಷನ್ ಯಾರು ಕೊಟ್ಟಿದ್ದು ಅಂತ ಕೇಳಿದರು.

ಬರೆದು ಬರೆದು ಒಂದು ವಿಷಯ ಕಂಡಿತು. ನಮ್ಮ ಲಿಪಿ ದುಂಡು. ಮಷಿನಿಂಗ್ ಕ್ಲಾಸಿನಲ್ಲಿ ಹೇಳುತ್ತಾರಲ್ಲ, ತಿರುಗುವ ಕಟರ್ ಒಳಮೂಲೆಯನ್ನು ತನ್ನ ತ್ರಿಜ್ಯಕ್ಕಿಂತ ಚೂಪಾಗಿ ಕತ್ತರಿಸಲಾರದು ಅಂತ. ಇಂಗ್ಲಿಷಿನ ಇ, ಕೆ, ಎನ್‌ಗಳಲ್ಲಿ ಬರೀ ಮೂಲೆಗಳು. ಅವನ್ನು ದುಂಡು ಬಿಟ್ಟಿನಲ್ಲಿ ಕೆತ್ತಿದರೆ ಮೂಲೆ ಮೂಲೆಗೂ ಆಮೇಲೆ ಚಾಕುವಿನಿಂದ ಚೂಪು ಮಾಡಬೇಕು. ನಮ್ಮ ಕ, ನ, ಡ, ಸ ಎಲ್ಲ ಚೆಂಡಿನ ಬಿಟ್ ಹೇಗೆ ಹೋಗಲು ಇಷ್ಟಪಡುತ್ತದೋ ಹಾಗೇ ತಿರುಗುತ್ತವೆ. ಮೊನೆ ಇರೋದು ತಲೆಕಟ್ಟಿನ ತುದಿಯಲ್ಲಿ ಮಾತ್ರ.

ಹಾಗಾಗಿ ಅಳತೆ ತಾನಾಗಿಯೇ ಬಂತು. ಅಕ್ಷರ ಸುಮಾರು 9 ಸೆಂ.ಮೀ. ಎತ್ತರ, ಗೆರೆ 6 ಮಿ.ಮೀ. ದಪ್ಪ. ಅದಕ್ಕೆ 6 ಮಿ.ಮೀ. ಚೆಂಡು. ನ ಒತ್ತಿಗೆ ಆ ಗೆರೆ ದಪ್ಪವಾಯಿತು, ಸುರುಳಿಯ ಒಳಗಿನ ಮರವೇ ಉಳಿಯಲ್ಲ. ಅದಕ್ಕೆ 3 ಮಿ.ಮೀ. ಚೆಂಡು. ತಲೆಕಟ್ಟಿನ ತುದಿಗೆ ದೀಪದ ಕುಡಿಯಂತಿರುವ ಕಾರ್ಬೈಡ್. ಈ ಮೂರನ್ನು ಕೊಳ್ಳಲು ತಲಾ 150 ರೂಪಾಯಿ ಹಾಕಿದೆವು. ನಾಲ್ಕನೆಯದು ಹಳೇ ಡಬ್ಬಿಯಿಂದಲೇ ತೆಗೆದ ಒಂದು ವಜ್ರದ ಬಿಟ್, ಕೊನೆಯಲ್ಲಿ ಅಂಚಿನ ನಾರು ನಯ ಮಾಡಲು. ಉಜ್ಜುವ ಕೆಲಸಕ್ಕೆ ಉಜ್ಜುವ ಬಿಟ್.

ವೇಗದ ಬಗ್ಗೆಯೂ ಒಂದು ಮಾತು. ಟೂಲ್ ಮೇಲೆ ಬರೆದಿರೋದು ಆರ್‌ಪಿಎಂ. ಮರಕ್ಕೆ ತಾಗೋದು ಹಲ್ಲಿನ ವೇಗ: ಪೈ, ವ್ಯಾಸ, ಸುತ್ತು, ಮೂರನ್ನೂ ಗುಣಿಸಿದ್ದು. 20,000 ಸುತ್ತಿನಲ್ಲಿ 6 ಮಿ.ಮೀ. ಚೆಂಡಿನ ಅಂಚು ಸೆಕೆಂಡಿಗೆ ಸುಮಾರು 6.3 ಮೀಟರ್ ಓಡುತ್ತೆ, 3 ಮಿ.ಮೀ.ನದ್ದು ಅದರ ಅರ್ಧ. ಅದಕ್ಕೇ ಸಣ್ಣ ಬಿಟ್ಟಿಗೆ ವೇಗ ಹೆಚ್ಚಿಸಬಹುದು, ದೊಡ್ಡದಕ್ಕೆ ಇಳಿಸಬೇಕು. ಇನ್ನೊಂದು, ಚೆಂಡಿನ ಸರಿಯಾದ ತುದಿಯಲ್ಲಿ ವ್ಯಾಸ ಸೊನ್ನೆ, ಆದ್ದರಿಂದ ವೇಗವೂ ಸೊನ್ನೆ. ಟೂಲನ್ನು ನೆಟ್ಟಗೆ ಹಿಡಿದರೆ ತುದಿ ಕತ್ತರಿಸದೆ ಬರೀ ಉಜ್ಜಿ ಸುಡುತ್ತೆ. ಸ್ವಲ್ಪ ಓರೆಯಾಗಿ, ಬರೆಯುವಾಗ ಪೆನ್ನು ಹಿಡಿಯುವಂತೆ ಹಿಡಿಯಿರಿ. ಒಂದೇ ಸಲಕ್ಕೆ ಆಳ ಬೇಡ. ನಾವು 3 ಮಿ.ಮೀ. ಆಳಕ್ಕೆ ನಾಲ್ಕೈದು ಸಲ ಓಡಿಸಿದೆವು.

ಹಾಸ್ಟೆಲ್ ಬಾಗಿಲು ರಿಪೇರಿಗೆ ಬಂದಿದ್ದ ಬಡಗಿಯೊಬ್ಬರು ನಮ್ಮ ತುಂಡುಗಳನ್ನು ನೋಡಿ ಎರಡು ಬುದ್ಧಿ ಹೇಳಿದರು. ಹಳೇ ಬಾಗಿಲಲ್ವಾ, ಒಳಗೆ ಮೊಳೆ ಮುರಿದಿರುತ್ತೆ, ಮೊದಲು ಅಯಸ್ಕಾಂತ ಆಡಿಸಿ ಅಂದರು. ಆಡಿಸಿದೆವು, ಎರಡು ಸಿಕ್ಕವು. ಮೊಳೆ ತಲೆಗೆ ಬಿಟ್ ಬಡಿದಿದ್ದರೆ ಬಿಟ್ಟೂ ಹೋಗುತ್ತಿತ್ತು, ಕಣ್ಣಿಗೂ ಅಪಾಯ. ಎರಡನೆಯದು, ಸೊನ್ನೆಯ ಹತ್ತಿರ ಜೋಪಾನ ಅಂದರು. ಒಂದು ಸುತ್ತು ಬರುವಷ್ಟರಲ್ಲಿ ಮರದ ನಾರಿನ ದಿಕ್ಕು ನಾಲ್ಕು ಸಲ ಬದಲಾಗುತ್ತೆ, ಎರಡು ಕಡೆ ನುಣ್ಣಗೆ ಬರುತ್ತೆ, ಎರಡು ಕಡೆ ನಾರು ಎದ್ದೇಳುತ್ತೆ. ಅಲ್ಲಿ ಕೈ ಹಗುರ ಮಾಡಬೇಕು. 'ಸಂ'ನ ಆ ಒಂದು ಸೊನ್ನೆಗೇ ನಮಗೆ ಒಂದು ಸಂಜೆ ಹಿಡಿಯಿತು.

ಸೇಫ್ಟಿ ಬಗ್ಗೆ ಭಾಷಣ ಮಾಡಲ್ಲ. ಕನ್ನಡಕ ಹಾಕಿ. ಎನ್95 ಮಾಸ್ಕ್ ಹಾಕಿ, ಮರದ ಧೂಳು ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಮೊದಲ ಪಟ್ಟಿಯಲ್ಲೇ ಇದೆ. ಕುತ್ತಿಗೆಯ ಐಡಿ ಕಾರ್ಡ್ ತೆಗೆದಿಡಿ. ತಿರುಗುವ ಬಿಟ್ಟಿಗೆ ಅದರ ದಾರ ಸಿಕ್ಕರೆ ಟೂಲ್ ನಿಮ್ಮ ಮುಖದ ಹತ್ತಿರಕ್ಕೇ ಬರುತ್ತೆ.

ಮೊದಲ ಗೆರೆ ಕೆತ್ತಿದ್ದು ಅಜ್ಜನ ಮೊಮ್ಮಗ. 'ಕ'ದ ತಲೆಯಿಂದ ಶುರು ಮಾಡಿದ. ಮೇಲಿನ ಕಪ್ಪು ಪದರ ಹೋಗುತ್ತಿದ್ದಂತೆ ಒಳಗಿನಿಂದ ಅರಿಶಿನದ ಬಣ್ಣ ಬಂತು. ಅಷ್ಟು ವರ್ಷ ಹೊಗೆ ತಿಂದ ಹಲಗೆಯೊಳಗೆ ಹಲಸು ಹಳದಿಯಾಗಿಯೇ ಇತ್ತು. ನಾಲ್ವರೂ ಟೂಲ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆವು.

ಕಪ್ಪಿನ ಮೇಲೆ ಹಳದಿ ಅಕ್ಷರ ಎಷ್ಟು ಚೆನ್ನಾಗಿ ಕಂಡಿತೆಂದರೆ, ಇಷ್ಟು ಆಳ ಸಾಕು, 1 ಮಿ.ಮೀ.ಗೇ ನಿಲ್ಲಿಸೋಣ ಅನ್ನುವ ಮಾತೂ ಬಂತು. ಫೋನಿನಲ್ಲಿ ಅಜ್ಜ ಬೇಡ ಅಂದರು. ಹಲಸಿನ ಹಳದಿ ನಿಲ್ಲಲ್ಲ, ಬೆಳಕು ಗಾಳಿಗೆ ವರ್ಷ ವರ್ಷ ಕಂದಾಗುತ್ತಾ ಬಂದು ಹಲಗೆಯ ಬಣ್ಣಕ್ಕೇ ಸೇರುತ್ತೆ. ಆಗ ಅಕ್ಷರವನ್ನು ಓದಿಸೋದು ಗೆರೆಯೊಳಗೆ ಬೀಳುವ ನೆರಳು. 6 ಮಿ.ಮೀ. ಚೆಂಡು ತನ್ನ ಅರ್ಧದವರೆಗೆ, ಅಂದರೆ 3 ಮಿ.ಮೀ. ಇಳಿದಾಗ ಗೆರೆಯ ಗೋಡೆ ಮೇಲಂಚಿನಲ್ಲಿ ನೆಟ್ಟಗಾಗುತ್ತೆ, ನೆರಳು ಚೆನ್ನಾಗಿ ಬೀಳುತ್ತೆ. ಹಾಗಾಗಿ ಪೂರ್ತಿ ಇಳಿಸಿದೆವು.

ಅಗಸೆ ಎಣ್ಣೆ ಹಚ್ಚಿ ಒಣಗಿಸಿ ಈಗ ಸಂಘದ ರೂಮಿನ ಬಾಗಿಲ ಮೇಲೆ ತೂಗು ಹಾಕಿದ್ದೇವೆ. ಫೋಟೋ ಕಳಿಸಿದ್ದಕ್ಕೆ ಅಜ್ಜ ಹೇಳಿದ್ದು ಇಷ್ಟೇ: "ನ ಒತ್ತು ಸರಿ ಬೈಂದು." ನಾಲ್ವರಲ್ಲಿ ಯಾರಿಗೂ ಇಂಟರ್ನಲ್ಸ್‌ನಲ್ಲಿ ಅಷ್ಟು ಖುಷಿ ಕೊಟ್ಟ ಮಾರ್ಕ್ಸ್ ಬಂದಿಲ್ಲ.

ಬೋರ್ಡ್ ಈಗ ಹಳದಿ. ನಾವು ಫೈನಲ್ ಇಯರ್‌ಗೆ ಬರುವ ಹೊತ್ತಿಗೆ ಸ್ವಲ್ಪ ಕಂದಾಗಿರುತ್ತೆ, ಪೂರ್ತಿ ಕಪ್ಪಾಗುವಾಗ ನಾವು ಇಲ್ಲಿರಲ್ಲ. ನಾಲ್ಕು ಬಿಟ್, ಸರಿಯಾದ ಕಾಲೆಟ್ ಮತ್ತು ಅಜ್ಜನ ಕ್ಯಾಲೆಂಡರ್ ಹಾಳೆ ಬೀರುವಿನ ಎರಡನೇ ಖಾನೆಯಲ್ಲಿವೆ. ಪ್ರತಿ ಶನಿವಾರ ಸಂಜೆ ವರ್ಕ್‌ಶಾಪ್‌ನಲ್ಲಿ ಇರುತ್ತೇವೆ. ನಿಮ್ಮ ಹೆಸರು ಕೆತ್ತಬೇಕು ಅನ್ನಿಸಿದರೆ ಬನ್ನಿ. ಮೊದಲು ಅದನ್ನು ಕನ್ನಡದಲ್ಲಿ ಐವತ್ತು ಸಲ ಕೈಯಲ್ಲಿ ಬರೆದು ತನ್ನಿ, ಯಾವ ಬಿಟ್ ಅಂತ ಆಮೇಲೆ ನೋಡೋಣ.