ಬೇಟೆಯ ಬಯಲಲ್ಲಿ ಉಳಿದ ಚಿಗರಿ

ಗುಜರಾತಿನ ಭಾವನಗರ ಬಿಟ್ಟು ಉತ್ತರಕ್ಕೆ ಭಾಲ್ ಸೀಮೆಗೆ ಬಂದರೆ ಕಣ್ಣಿಗೆ ಅಡ್ಡವಾಗುವಂಥದ್ದು ಏನೂ ಇಲ್ಲ. ಉಪ್ಪು ಹತ್ತಿದ ಸಪಾಟು ನೆಲ, ಅದರಾಚೆ ಖಂಭಾತ್ ಕೊಲ್ಲಿ. ವೆಲಾವದರದ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನ ಇರುವುದು ಇಲ್ಲಿಯೇ, ಬರೀ 34 ಚದರ ಕಿಲೋಮೀಟರು. ಫೆಬ್ರುವರಿಯ ಬೆಳಗ್ಗೆ ಗೇಟಿನಲ್ಲಿ ಪರವಾನಗಿ ಮಾಡಿಸಿ, ಊರಿನ ಗೈಡ್ ಒಬ್ಬರನ್ನು ಜೀಪಿಗೆ ಹತ್ತಿಸಿಕೊಂಡು ಒಳಗೆ ಹೋದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರು ಡ್ರೈವರ್‌ನ ಭುಜ ತಟ್ಟಿ, “ಕಾಳಿಯಾರ್” ಎಂದರು. ಒಣಹುಲ್ಲಿನ ಮೇಲೆ ಸುರುಳಿ ಕೊಂಬುಗಳಷ್ಟೇ ಸಾಗುತ್ತಿದ್ದವು. ನಮ್ಮ ಉತ್ತರ ಕರ್ನಾಟಕದಲ್ಲಿ ಚಿಗರಿ ಅನ್ನುವುದು ಈ ಕೃಷ್ಣಮೃಗಕ್ಕೇ.

ಈ ಹುಲ್ಲುಗಾವಲು ಉಳಿದದ್ದು ಬೇಟೆಯ ದೆಸೆಯಿಂದ. ಇದು ಭಾವನಗರ ಸಂಸ್ಥಾನದ ಮೀಸಲು ಬೇಟೆನೆಲವಾಗಿತ್ತು. ಮಹಾರಾಜರು ಪಳಗಿಸಿದ ಚೀತಾಗಳನ್ನು ಬಿಟ್ಟು ಇಲ್ಲಿ ಚಿಗರಿ ಹಿಡಿಸುತ್ತಿದ್ದರು. ನಮ್ಮ ದೇಶದ ಚೀತಾಗಳು ಸಿಗದಂತಾದಾಗ ಭಾವನಗರ, ಕೊಲ್ಹಾಪುರದ ಅರಸರು ಆಫ್ರಿಕದಿಂದ ತರಿಸಿಕೊಂಡರು. ಕಣ್ಣಿಗೆ ಪಟ್ಟಿ ಕಟ್ಟಿದ ಚೀತಾವನ್ನು ಗಾಡಿಯಲ್ಲಿ ಕೂರಿಸಿ ಹಿಂಡಿನ ಹತ್ತಿರಕ್ಕೆ ಒಯ್ಯುತ್ತಿದ್ದರು. ಗಾಡಿಯನ್ನು ದಿನವೂ ಕಾಣುವ ಚಿಗರಿಗಳು ಬೆದರುತ್ತಿರಲಿಲ್ಲ. ಪಟ್ಟಿ ಬಿಚ್ಚಿದರೆ ಕೆಲವು ನೂರು ಮೀಟರಿನೊಳಗೆ ಎಲ್ಲವೂ ತೀರ್ಮಾನವಾಗಬೇಕು. ಅಷ್ಟರಲ್ಲಿ ಸಿಗದಿದ್ದರೆ ಚೀತಾ ಏದುಸಿರು ಬಿಡುತ್ತ ನಿಂತುಬಿಡುತ್ತದೆ. ಚಿಗರಿ ಮಾತ್ರ ಓಡುತ್ತಲೇ ಇರುತ್ತದೆ. ಮರೆಯಾಗಲು ಪೊದೆಯಿಲ್ಲದ ಬಯಲಲ್ಲಿ ಅದರ ಜೀವ ಉಳಿಸುವುದು ದೂರದ ನೋಟ ಮತ್ತು ಗಂಟೆಗೆ 80 ಕಿಲೋಮೀಟರು ಮುಟ್ಟುವ ಆ ಓಟ.

ಸಂಸ್ಥಾನ ಹೋದ ಮೇಲೆ ಕಾವಲೂ ಹೋಯಿತು. ಬಂದೂಕು ಸಿಕ್ಕವರೆಲ್ಲ ನುಗ್ಗಿದರು, ಹುಲ್ಲುಗಾವಲು ಹೊಲವಾಯಿತು. 1960ರ ದಶಕದ ಹೊತ್ತಿಗೆ ಸಾವಿರಾರಿದ್ದ ಚಿಗರಿ ನೂರರ ಲೆಕ್ಕಕ್ಕೆ ಇಳಿದಿತ್ತು. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿತು, 1976ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು.

ಇನ್ನಷ್ಟು ಒಳಗೆ ಹೋದಾಗ ಗೈಡ್ ಎಂಜಿನ್ ಆಫ್ ಮಾಡಿಸಿದರು. ಹುಲ್ಲು ಸವೆದ ಒಂದು ತುಣುಕು ನೆಲದಲ್ಲಿ ಕರಿಯ ಗಂಡುಗಳು ಒಂದರ ಪಕ್ಕ ಒಂದು, ತಮ್ಮ ತಮ್ಮ ಗಡಿ ಬಿಡದೆ ನಿಂತಿದ್ದವು. ವಿಜ್ಞಾನಿಗಳು ಲೆಕ್ ಎನ್ನುವ ಅಖಾಡ ಇದು. ಇಲ್ಲಿ ಮೇವಿಲ್ಲ, ನೀರಿಲ್ಲ. ಹೆಣ್ಣುಗಳು ಬರುವುದು ಗಂಡನ್ನು ಆರಿಸಿಕೊಳ್ಳಲು ಮಾತ್ರ. ಜೀಪಿಗೆ ಹತ್ತಿರವಿದ್ದ ಗಂಡು ಹಿಕ್ಕೆಯ ರಾಶಿಯನ್ನು ಮೂಸಿ ಅಲ್ಲಿಯೇ ಮತ್ತಷ್ಟು ಹಾಕಿತು. ಆಮೇಲೆ ಒಂದು ಹುಲ್ಲುಕಡ್ಡಿಗೆ ಮುಖ ತಂದು, ಕಣ್ಣಿನ ಮುಂದಿನ ಸೀಳುಗ್ರಂಥಿಯೊಳಗೆ ಅದರ ತುದಿಯನ್ನು ಹಗುರವಾಗಿ ತೀಡಿತು. ದುರ್ಬೀನಿನಲ್ಲಿ ಕಡ್ಡಿಯ ತುದಿಗೆ ಅಂಟಿದ ಕಪ್ಪು ಅಂಟು ಕಾಣುತ್ತಿತ್ತು. ಪಕ್ಕದ ಗಂಡು ಗಡಿ ದಾಟಿದ್ದೇ ತಡ, ಇದು ಕತ್ತೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಗೊರಗುಡುತ್ತ ಎದುರು ನಡೆಯಿತು. ಎರಡೂ ಕೊಂಬು ಹೆಣೆದು ತಳ್ಳಾಡಿದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕವಿತಾ ಈಶ್ವರನ್ ಅಭ್ಯಾಸ ಮಾಡಿದ್ದು ಇದೇ ಲೆಕ್‌ಗಳನ್ನು. ಜಾಗ ಬಿಟ್ಟರೆ ಬೇರೆಯವನು ಹಿಡಿಯುತ್ತಾನೆ, ನಿಂತರೆ ಹೊಟ್ಟೆ ತುಂಬುವುದಿಲ್ಲ, ಗಾಯವೂ ತಪ್ಪುವುದಿಲ್ಲ. ಕಡುಗಪ್ಪು ಮೈಯ ಗತ್ತಿನ ಹಿಂದೆ ಇಷ್ಟೊಂದು ಕಷ್ಟವಿದೆ ಎಂದು ನನಗೆ ಪೂರ್ತಿ ಮನವರಿಕೆಯಾದದ್ದು ಅಲ್ಲಿ ಕೂತು ನೋಡಿದ ಮೇಲೆಯೇ.

ಹಿಂತಿರುಗುವಾಗ ದಾರಿಬದಿಯಲ್ಲಿ ಬಳ್ಳಾರಿ ಜಾಲಿಯ ಮೆಳೆ ಸಿಕ್ಕಿತು. ಗುಜರಾತಿನವರು ಅದನ್ನು ಗಾಂಡೋ ಬಾವಳ್ ಅನ್ನುತ್ತಾರೆ. ಅದರ ಸಿಹಿ ಕಾಯನ್ನು ಚಿಗರಿಗಳೇ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಮೆಳೆ ದಟ್ಟವಾದಂತೆ ಹುಲ್ಲು ಸಾಯುತ್ತದೆ, ಮರಿ ಅಡಗಿಸಲು ತಾಯಿಗೆ ಜಾಗ ಉಳಿಯುವುದಿಲ್ಲ. ಮಧ್ಯ ಏಷ್ಯಾದಿಂದ ಬಂದು ರಾತ್ರಿ ಈ ಹುಲ್ಲಿನ ನೆಲದಲ್ಲೇ ತಂಗುವ ಸೆಳೆವ (ಹ್ಯಾರಿಯರ್) ಹಕ್ಕಿಗಳಿಗೂ ನೆಲೆ ತಪ್ಪುತ್ತದೆ. ಹಾಗಾಗಿ ಇಲ್ಲಿ ಅರಣ್ಯ ಇಲಾಖೆಯವರು ಗಿಡ ನೆಡುವುದಕ್ಕಿಂತ ಕೀಳಿಸುವ ಕೆಲಸವನ್ನೇ ಹೆಚ್ಚು ಮಾಡಬೇಕಾಗಿದೆ.

ಇತ್ತ ನಮ್ಮ ರಾಣೆಬೆನ್ನೂರಿನಲ್ಲೂ 1974ರಲ್ಲೇ ಚಿಗರಿಗಾಗಿ ಅಭಯಾರಣ್ಯವಾಗಿದೆ. ಆದರೆ ಅಲ್ಲಿನ ಬಯಲಿನ ದೊಡ್ಡ ಭಾಗವನ್ನು ನೀಲಗಿರಿ ತೋಪು ನುಂಗಿತು. ಹುಲ್ಲುನೆಲವನ್ನು ಪಾಳು ಎಂದು ಬರೆದುಕೊಳ್ಳುವ ಸರ್ಕಾರಿ ಕಾಗದ ಮೊದಲು ಬದಲಾಗಬೇಕು. ವನಮಹೋತ್ಸವಕ್ಕೆ ಸಸಿ ಹಿಡಿದು ಹೊರಡುವವರಲ್ಲಿ ನನ್ನದೊಂದು ವಿನಂತಿ: ಊರ ಹೊರಗಿನ ಹುಲ್ಲುಬಯಲಲ್ಲಿ ಗುಂಡಿ ತೋಡಬೇಡಿ, ಸಸಿಗೆ ಬೇರೆ ಜಾಗ ನೋಡಿ.