ಹಪ್ಪಳಕ್ಕೂ ಒಂದು ಲೆಕ್ಕ

ಮನೆಯಲ್ಲೇ ಹಪ್ಪಳ ಮಾಡಿ ಮಾರುವ ನನ್ನಂಥವಳಿಗೆ ಲೆಕ್ಕಪತ್ರ ಎಲ್ಲಿಂದ ಬರಬೇಕು, ನೀವೇ ಹೇಳಿ? ಬಂದ ದುಡ್ಡು ಸಾಸಿವೆ ಡಬ್ಬಿಗೆ, ಡಬ್ಬಿಯಿಂದ ದಿನಸಿ ಅಂಗಡಿಗೆ. ಆರು ವರ್ಷ ಹೀಗೇ ನಡೆಯಿತು. ಹೋದ ಯುಗಾದಿಯ ಹೊತ್ತಿಗೆ ಪೇಟೆಯ ದೊಡ್ಡ ಅಂಗಡಿಯವರೊಬ್ಬರು, "ಅಮ್ಮಾ, ತಿಂಗಳಿಗೆ ಎರಡು ಸಾವಿರ ಉದ್ದಿನ ಹಪ್ಪಳ ಕೊಡ್ತೀರಾ?" ಅಂತ ಕೇಳಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮವರಂತೂ, ಹಪ್ಪಳದ ಯಂತ್ರ ತಂದುಬಿಡೋಣ, ನಿನ್ನ ಎರಡು ಬಳೆ ಅಡವಿಟ್ಟರಾಯಿತು ಎಂದರು. ಬಳೆ ನನ್ನದು, ಧೈರ್ಯ ಅವರದು!

ಅಷ್ಟರಲ್ಲಿ ಬಿ.ಕಾಂ. ಓದುವ ಅಕ್ಕನ ಮಗ ಬಂದಿದ್ದ. "ತಡಿ ಚಿಕ್ಕಮ್ಮ" ಎಂದವನೇ ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ನಾಲ್ಕು ಮನೆ ಗೀಚಿದ. ಬಲ, ಕೊರತೆ, ಅವಕಾಶ, ಅಪಾಯ. ಮೊದಲಿನ ಎರಡು ನಮ್ಮ ಅಡುಗೆಮನೆಯೊಳಗಿನವು, ಉಳಿದೆರಡು ಹೊಸ್ತಿಲಾಚೆಯವು. ಕಾಲೇಜಿನಲ್ಲಿ ಇದಕ್ಕೆ ಸ್ವಾಟ್ ಅಂತಾರಂತೆ.

ಬಲದ ಮನೆ ಬೇಗ ತುಂಬಿತು. ನನ್ನ ಕೈಯ ಹದ, ಮತ್ತೆ ಮತ್ತೆ ಹುಡುಕಿಕೊಂಡು ಬರುವ ಮೂವತ್ತು ಮನೆ, ಯಾರ ಸಾಲವೂ ಇಲ್ಲದಿರುವುದು. ಕೊರತೆಯ ಮನೆಗೆ ಬಂದಾಗ ಅವನು, "ನೂರು ಹಪ್ಪಳಕ್ಕೆ ಖರ್ಚೆಷ್ಟು?" ಎಂದ. ನಾನು ತಬ್ಬಿಬ್ಬು. ಕೂತು ಕೂಡಿಸಿದೆವು. ಒಂದು ಕಿಲೋ ಉದ್ದು, ಬೀಸಿಸಿದ್ದು ಸೇರಿ 150 ರೂಪಾಯಿ. ಹಪ್ಪಳದ ಖಾರ, ಮೆಣಸು, ಜೀರಿಗೆ, ಎಣ್ಣೆ 50. ಕವರು 20. ಜೊತೆಗೆ ಲಟ್ಟಿಸುವ ಹೆಂಗಸಿಗೆ 100. ಒಟ್ಟು 320. ಮಾರುವುದು 400ಕ್ಕೆ. ಉಳಿಯುವ 80 ರೂಪಾಯಿಯೇ ನಾನು ಕಲಸಿ, ಕುಟ್ಟಿ, ಲಟ್ಟಿಸಿ, ಒಣಗಿಸಿದ ಮೂರು ಗಂಟೆಯ ಕೂಲಿ! ಅಂಗಡಿಯವರು ನೂರಕ್ಕೆ ಇಪ್ಪತ್ತೈದು ಕಮಿಷನ್ ಹಿಡಿಯುತ್ತೇವೆ ಎಂದಿದ್ದರು. ಹಾಗಾದರೆ ನನಗೆ ಸಿಗುವುದು 300. ಪ್ರತಿ ನೂರಕ್ಕೆ 20 ರೂಪಾಯಿ ಕೈಯಿಂದ ಹಾಕಿ, ಅದೂ ನನ್ನ ದುಡಿಮೆ ಧರ್ಮಕ್ಕೆ! ಎರಡು ಸಾವಿರ ಹಪ್ಪಳಕ್ಕೆ ತಿಂಗಳಿಗೆ 400 ರೂಪಾಯಿ ನಷ್ಟವನ್ನು ನಾನು ಸಿಹಿ ಹಂಚಿ ಸ್ವಾಗತಿಸಿದ್ದೆ ನೋಡಿ.

1959ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ಪಡೆದು ಲಿಜ್ಜತ್ ಹಪ್ಪಳ ಶುರುಮಾಡಿದ್ದು ನೀವೂ ಕೇಳಿರುತ್ತೀರಿ. ಆ 80 ರೂಪಾಯಿಯ ಕಥೆ ಎಲ್ಲರೂ ಹೇಳುತ್ತಾರೆ. ಅಲ್ಲಿ ಹಿಟ್ಟು ಒಯ್ದು ಲಟ್ಟಿಸಿ ತರುವವಳಿಗೆ ತೂಕದ ಮೇಲೆ ಕೂಲಿ ಸಲ್ಲುತ್ತದೆ, ಕೈಕೆಲಸವೂ ಖರ್ಚಿಗೆ ಸೇರುತ್ತದೆ ಅನ್ನುವುದು ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಇನ್ನೊಂದು ಕೊರತೆ, ಪೊಟ್ಟಣದ ಮೇಲೆ ಆಹಾರ ಸುರಕ್ಷತೆಯ ಹದಿನಾಲ್ಕು ಅಂಕಿಯ ನಂಬರು ಇರಲಿಲ್ಲ. ಸಣ್ಣವರೂ ನೋಂದಾಯಿಸಲೇಬೇಕು. ಅದನ್ನು ಆ ವಾರವೇ ಹುಡುಗ ಅರ್ಜಿ ಹಾಕಿ ಮುಗಿಸಿದ.

ಅಪಾಯ ಅಂದರೆ ಮಳೆ, ಉದ್ದಿನ ಬೆಲೆ ಅಂತ ಬರೆಸಿದೆ. "ಅಂಗಡಿಯವನನ್ನೂ ಬರಿ" ಎಂದ. ಎರಡು ತಿಂಗಳು ಉದ್ದರಿ, ನಾಳೆ ಅವನು ಬೇಡ ಅಂದರೆ ಯಂತ್ರವೂ ಬಳೆಯ ಬಡ್ಡಿಯೂ ನನ್ನ ತಲೆಯ ಮೇಲೆ. ನಮ್ಮವರು ಪತ್ರಿಕೆ ಅಡ್ಡ ಹಿಡಿದು ಕೂತರು, ಪಾಪ.

ಅವಕಾಶದ ಮನೆ ಬಹಳ ಹೊತ್ತು ಖಾಲಿಯೇ ಇತ್ತು. ಆಮೇಲೆ ನೆನಪಾಯಿತು, ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಮರದಡಿ ಕೊಳೆಯುವ ಹಲಸು! ಬಲಿತ ಕಾಯಿಯ ತೊಳೆ ಬೇಯಿಸಿ, ಒಣಮೆಣಸು, ಜೀರಿಗೆ, ಉಪ್ಪು ಹಾಕಿ ಕುಟ್ಟಿದರೆ ಉದ್ದಿನ ಖರ್ಚೇ ಇಲ್ಲ. ಏಪ್ರಿಲ್ ಮೇ ತಿಂಗಳ ಬಿಸಿಲು ಮಾತ್ರ ತಪ್ಪಿಸಬಾರದು.

ಅಂಗಡಿಯವರಿಗೆ ಹೇಳಿಕಳಿಸಿದೆ: ನೂರಕ್ಕೆ 400, ನಗದು, ತಿಂಗಳಿಗೆ ಐನೂರೇ. ನಕ್ಕು ಸುಮ್ಮನಾದರಂತೆ. ಮೇ ಕೊನೆಯಲ್ಲಿ ಹುಡುಗನ ಕೈಲಿ ದುಡ್ಡು ಕೊಟ್ಟು ಹಲಸಿನದು ಮುನ್ನೂರು ತರಿಸಿಕೊಂಡರು. ಉದ್ದಿನದರ ಮಾತೆತ್ತಿಲ್ಲ. ಬಳೆ ಕೈಯಲ್ಲೇ ಇದೆ.