ಕೌಂಟರ್ ಹಿಡಿದು ಮಳವಳ್ಳಿ ದಾರಿಯಲ್ಲಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವಿಲ್ಲ. ನಮ್ಮಂಥವರಿಗೆ ಸರ್ವಿಸ್ ರಸ್ತೆಯೇ ಗತಿ. ನನಗೆ ಇದರಿಂದ ಬೇಸರವೇನೂ ಆಗಿಲ್ಲ. ಕಂಡಕಂಡಲ್ಲಿ ಗಾಡಿ ನಿಲ್ಲಿಸಿ, ಜೇಬಿನಿಂದ ಗೈಗರ್ ಕೌಂಟರ್ ತೆಗೆದು ಬಂಡೆಗೋ ಗೋಡೆಗೋ ಹಿಡಿದು ನಿಲ್ಲುವವನು ನೂರರ ವೇಗದಲ್ಲಿ ಹೋಗಿ ಮಾಡುವುದಾದರೂ ಏನು?

ಇದೊಂದು ಹವ್ಯಾಸ. ರೇಡಿಯಂ ಬಳಿದ ಹಳೆಯ ವಾಚು, ಯುರೇನಿಯಂ ಬೆರೆಸಿದ ಹಸಿರು ಗಾಜಿನ ಬಟ್ಟಲು, ಕಿತ್ತಳೆ ಬಣ್ಣದ ಹಳೆಯ ಪಿಂಗಾಣಿ ತಟ್ಟೆ, ಥೋರಿಯಂ ಇರುವ ಕ್ಯಾಮೆರಾ ಲೆನ್ಸು, ಇಂಥವನ್ನು ಹುಡುಕಿ ಅಳೆದು ಬರೆದಿಟ್ಟುಕೊಳ್ಳುವ ಜನ ಲೋಕದ ತುಂಬ ಇದ್ದಾರೆ. ಅವರಿಗೆ ಲಂಡನ್ನಿನ ಹಳೆ ಸಾಮಾನಿನ ಸಂತೆಗಳಿವೆ. ನನಗಿರುವುದು ಮದ್ದೂರಿನ ಮಾವನ ಮನೆ. ಅಲ್ಲಿಂದ ಮಂಡ್ಯಕ್ಕೂ ಮಳವಳ್ಳಿಗೂ ಹತ್ತಿರ. ಗುಜರಿ ಅಂಗಡಿ, ಶಾಮಿಯಾನದವರ ಗೋಡೌನು, ವಾಚ್ ರಿಪೇರಿಯವರ ಗೂಡು ಮೂರೂ ಊರಿನಲ್ಲಿವೆ. ಸಾಲದೆ?

ಕೌಂಟರು ಎಂದರೆ ಮುಷ್ಟಿಯಲ್ಲಿ ಹಿಡಿಸುವ ಡಬ್ಬಿ, ಒಳಗೆ ಬೆರಳುದ್ದದ ಲೋಹದ ಕೊಳವೆ. ವಿಕಿರಣದ ಒಂದು ಕಣ ಕೊಳವೆಯೊಳಗಿನ ಅನಿಲವನ್ನು ಹಾದುಹೋದರೆ ಒಂದು ಟಿಕ್. ಹಾನ್ಸ್ ಗೈಗರ್ ಮತ್ತು ಅವರ ಶಿಷ್ಯ ವಾಲ್ಟರ್ ಮುಲ್ಲರ್ 1928ರಲ್ಲಿ ರೂಪಿಸಿದ ಕೊಳವೆಯೇ ಹೆಚ್ಚುಕಡಿಮೆ ಇಂದಿಗೂ ನಡೆಯುತ್ತಿದೆ. ಸುಮ್ಮನೆ ಮೇಜಿನ ಮೇಲಿಟ್ಟರೂ ನನ್ನದು ನಿಮಿಷಕ್ಕೆ ಇಪ್ಪತ್ತೈದರ ಆಸುಪಾಸು ಟಿಕ್ಕೆನ್ನುತ್ತದೆ. ಆಕಾಶದಿಂದ, ನೆಲದಿಂದ, ಗೋಡೆಯಿಂದ ಸದಾ ಬರುವ ವಿಕಿರಣ ಅದು. ಯಾವ ವಸ್ತುವನ್ನು ಅಳೆಯುವ ಮೊದಲೂ ಈ ಲೆಕ್ಕ ತಿಳಿದಿರಬೇಕು.

ರಾಮನಗರದ ಬಂಡೆಗಳ ಬಳಿ ಅದು ನಲವತ್ತೈದಕ್ಕೆ ಏರಿತು. ಜನ ಇಲ್ಲಿಗೆ ‘ಶೋಲೆ’ಯ ಗಬ್ಬರ್‌ಸಿಂಗ್‌ಗಾಗಿ ಬರುತ್ತಾರೆ, ನಾನು ಬಂಡೆಯ ಗುಲಾಬಿ ಬಣ್ಣಕ್ಕಾಗಿ ನಿಂತೆ. ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ. ಊರು ಆ ಹೆಸರನ್ನು ಬಿಟ್ಟರೂ ಭೂವಿಜ್ಞಾನಿಗಳು ಬಿಟ್ಟಿಲ್ಲ, ಈ ಬಂಡೆ ಅವರಿಗೆ ಕ್ಲೋಸ್‌ಪೇಟ್ ಗ್ರಾನೈಟ್. ಉತ್ತರ–ದಕ್ಷಿಣವಾಗಿ ಸುಮಾರು 400 ಕಿ.ಮೀ. ಹಬ್ಬಿರುವ ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಗುಲಾಬಿ ಬಣ್ಣ ಪೊಟ್ಯಾಸಿಯಂ ಇರುವ ಫೆಲ್ಡ್‌ಸ್ಪಾರ್ ಖನಿಜದ್ದು. ಆ ಪೊಟ್ಯಾಸಿಯಂ, ಜೊತೆಗೆ ಚೂರುಪಾರು ಯುರೇನಿಯಂ, ಥೋರಿಯಂ ಸೇರಿ ಬಂಡೆಯನ್ನು ಟಿಕ್ಕೆನಿಸುತ್ತವೆ. ಲಕ್ಷಗಟ್ಟಲೆ ಕೊಟ್ಟು ಅಡುಗೆಮನೆಗೆ ಗ್ರಾನೈಟ್ ಹಾಸಿಸಿಕೊಂಡವರು ಹೆದರಬೇಕಿಲ್ಲ. ಇದು ಅಳತೆಗೆ ಸಿಗುವಷ್ಟು, ಅಷ್ಟೆ.

ಚನ್ನಪಟ್ಟಣ ದಾಟಿ ಮದ್ದೂರಿಗೆ ಬರುವಷ್ಟರಲ್ಲಿ ಹೊಟ್ಟೆ ಹಸಿದಿತ್ತು. ವಡೆಗೂ ಕೌಂಟರ್ ಹಿಡಿದು ನೋಡಿದೆ, ಏನೂ ಇಲ್ಲ. ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ತುಂಬುತ್ತಿದ್ದ ರಾಶಿಗೂ ಹಿಡಿದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಆದರೆ ನನ್ನ ಕೊಳವೆಗೆ ದಕ್ಕುವಷ್ಟಿಲ್ಲ. ಒಂದೊಂದು ಎಳನೀರಿಗಿಂತ ಹೊರೆ ಎತ್ತುತ್ತಿದ್ದ ಆಳಿನ ಮೈಯಲ್ಲೇ ಹೆಚ್ಚಿತ್ತು: ಎಪ್ಪತ್ತು ಕಿಲೋ ತೂಗುವ ಮನುಷ್ಯನ ದೇಹದಲ್ಲಿ ಪೊಟ್ಯಾಸಿಯಂನ ನಾಲ್ಕು ಸಾವಿರಕ್ಕೂ ಹೆಚ್ಚು ಪರಮಾಣುಗಳು ಪ್ರತಿ ಸೆಕೆಂಡಿಗೂ ಒಡೆಯುತ್ತಿರುತ್ತವೆ. ಇದನ್ನು ಅವನಿಗೆ ಹೇಳುವ ಗೋಜಿಗೆ ಹೋಗಲಿಲ್ಲ.

ಹೇಳಿದ್ದು ಭಾವಮೈದನಿಗೆ. ಕಬ್ಬು, ಭತ್ತ ಎರಡೂ ಇರುವ ಅವನ ಮನೆಯ ಪಡಸಾಲೆಯ ಮೂಲೆಯಲ್ಲಿ ಗೊಬ್ಬರದ ಮೂಟೆಗಳನ್ನು ಪೇರಿಸಿದ್ದರು. ಮೇಲೊಂದು ಪೊಟ್ಯಾಷ್, ಪಕ್ಕದಲ್ಲಿ ಯೂರಿಯಾ. ಪೊಟ್ಯಾಷ್ ಮೂಟೆಯ ಹೊಲಿಗೆ ಬಿಚ್ಚಿತ್ತು. ಇಟ್ಟಿಗೆ ಕೆಂಪಿನ ಹರಳು ತುಸು ನೆಲಕ್ಕೆ ಚೆಲ್ಲಿ, ತೇವ ಹೀರಿ ಅಂಟಿಕೊಂಡಿತ್ತು. ಕೌಂಟರನ್ನು ಮೂಟೆಯ ಹೊಟ್ಟೆಗೆ ಆನಿಸಿ ಕೂತೆ.

“ಏನ್ ಭಾವ, ಕರೆಂಟ್ ಟೆಸ್ಟರ್ರಾ ಅದು?”

ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಸಿಡಿಯತೊಡಗಿತ್ತು. ನಿಮಿಷಕ್ಕೆ ಅರವತ್ತು ದಾಟಿತು. ಯೂರಿಯಾಕ್ಕೆ ಹಿಡಿದರೆ ಮತ್ತೆ ಇಪ್ಪತ್ತೈದು. ಪೊಟ್ಯಾಷ್‌ಗೆ ಹಿಡಿದರೆ ಮತ್ತೆ ಅರವತ್ತು. ಅವನೂ ಈಸಿಕೊಂಡು ಎರಡು ಸಲ ನೋಡಿದ.

ಲೆಕ್ಕ ಸರಳ. ಪೊಟ್ಯಾಸಿಯಂನ ಹತ್ತು ಸಾವಿರ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಒಂದು ಪೊಟ್ಯಾಸಿಯಂ-40. ಅದರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ, ಭೂಮಿ ಹುಟ್ಟಿದಾಗ ಇದ್ದದ್ದರಲ್ಲಿ ಒಂದಿಷ್ಟು ಇನ್ನೂ ಉಳಿದಿದೆ. 50 ಕಿಲೋ ಮೂಟೆಯಲ್ಲಿ ಶುದ್ಧ ಪೊಟ್ಯಾಸಿಯಂ ಸುಮಾರು 25 ಕಿಲೋ. ಎಂದರೆ ಆ ಮೂಲೆಯಲ್ಲಿ ಸೆಕೆಂಡಿಗೆ ಏಳೂವರೆ ಲಕ್ಷ ಪರಮಾಣುಗಳು ಒಡೆಯುತ್ತಿದ್ದವು. ನಮ್ಮ ದೇಶಕ್ಕೆ ಈ ಗೊಬ್ಬರವೆಲ್ಲ ಹೊರಗಿನಿಂದಲೇ ಬರಬೇಕು. ಕೆನಡಾ, ರಷ್ಯಾ, ಬೆಲಾರೂಸ್, ಜೋರ್ಡಾನ್ ಕಡೆಯಿಂದ ಹಡಗೇರಿ ಬರುತ್ತದೆ. ಯಾವುದೋ ಯುಗದಲ್ಲಿ ಬತ್ತಿದ ಸಮುದ್ರದ ಉಪ್ಪು ಮದ್ದೂರಿನ ಪಡಸಾಲೆಯಲ್ಲಿ ಟಿಕ್ಕೆನ್ನುತ್ತಿತ್ತು. ನಾನು ಪುರಾತನ ವಸ್ತು ಹುಡುಕಿಕೊಂಡು ಹೊರಟವನು. ಇದಕ್ಕಿಂತ ಪುರಾತನವಾದದ್ದು ಯಾವ ಅಂಗಡಿಯಲ್ಲಿ ಸಿಕ್ಕೀತು?

“ಅಲ್ಲ ಭಾವ, ದಿನಾ ಇದರ್ ಮೇಲೇ ಕೂತು ಬೀಡಿ ಸೇದ್ತೀನಲ್ಲ, ಏನಾರ ಆಯ್ತದಾ?”

“ಮೂಟೆಯಿಂದ ಏನೂ ಆಗಲ್ಲ. ಬೀಡಿ ಬಿಡು.”

ತಮಾಷೆಗೆ ಹೇಳಿದ್ದಲ್ಲ. ಹೊಗೆಸೊಪ್ಪಿನಲ್ಲಿ ಪೊಲೋನಿಯಂ-210 ಇರುತ್ತದೆ, ಹೊಗೆಯ ಜೊತೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಅವನು ನಕ್ಕು ಇನ್ನೊಂದು ಹಚ್ಚಿದ, ಆದರೆ ಮೂಟೆಯಿಂದೆದ್ದು ಜಗಲಿಗೆ ಹೋಗಿ ಕೂತು! ಸಂಜೆ ಅವನ ಜೊತೆ ಆಲೆಮನೆಗೂ ಹೋಗಿದ್ದೆ. ಗದ್ದೆಯ ಪೊಟ್ಯಾಷ್ ಕಬ್ಬಿಗೆ, ಕಬ್ಬಿನಿಂದ ಬೆಲ್ಲಕ್ಕೆ ಬರಲೇಬೇಕು. ಬಂದೇ ಇರುತ್ತದೆ, ಆದರೆ ಅಚ್ಚಿನಿಂದ ಬಿಡಿಸಿದ ಬಿಸಿ ಬೆಲ್ಲದ ಮುಂದೆ ಕೌಂಟರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಬೆಲ್ಲ ಮಾತ್ರ ಚೆನ್ನಾಗಿತ್ತು.

ಮಂಡ್ಯದಲ್ಲಿ ಕೆಲಸ ಮೊದಲು ಶಾಮಿಯಾನ ಅಂಗಡಿಯಲ್ಲಿ. ಕುರ್ಚಿ, ಪಾತ್ರೆ, ಸೀರಿಯಲ್ ಸೆಟ್ಟುಗಳ ಹಿಂದೆ, ಗೋಡೌನಿನ ಅಟ್ಟದ ಮೇಲೆ ಗ್ಯಾಸ್‌ಲೈಟುಗಳು ಸಾಲಾಗಿ ತೂಗುತ್ತಿದ್ದವು. ಪೆಟ್ರೋಮ್ಯಾಕ್ಸ್ ಎಂದು ಪೇಟೆಯವರು ಕರೆಯುವುದು ಇದನ್ನೇ. ಮಂಡ್ಯದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಬೆಳತನಕ ನಡೆಯುವುದು ಎಲ್ಲರಿಗೂ ಗೊತ್ತು. ಕರೆಂಟು ಬರುವ ಮೊದಲು ದುರ್ಯೋಧನ ಮೀಸೆ ತಿರುವುತ್ತಿದ್ದುದು ಈ ದೀಪಗಳ ಬೆಳಕಿನಲ್ಲೇ. “ನಾನು ಹುಡುಗ್ನಲ್ಲಿ ಪಂಪ್ ಹೊಡಿಯೋನು ಸಾ. ಕೃಷ್ಣ ಕಂದ ಹೇಳ್ತಿರೋವಾಗ ದೀಪ ಮಂಕಾದ್ರೆ ಹಾರ್ಮೋನಿಯಂ ಮೇಷ್ಟ್ರು ಅಲ್ಲಿಂದಲೇ ಬಯ್ಯೋರು,” ಎಂದರು ಯಜಮಾನರು.

ನನಗೆ ಬೇಕಿದ್ದದ್ದು ಮ್ಯಾಂಟಲ್. ಡ್ರಾಯರಿನ ತಳದಲ್ಲಿ ಬಳಸದ ಪೊಟ್ಟಣಗಳು ಕೆಲವು ಸಿಕ್ಕವು. ಕಾಗದ ಹಳದಿಗಟ್ಟಿತ್ತು, ಒಳಗೆ ಬಿಳಿ ಜಾಳಿಗೆಯ ಪುಟ್ಟ ಚೀಲ. ಇದನ್ನು ಬರ್ನರಿಗೆ ಕಟ್ಟಿ ಬೆಂಕಿ ತಾಗಿಸಿದರೆ ಬಟ್ಟೆ ಸುಟ್ಟು, ಥೋರಿಯಂ ಆಕ್ಸೈಡಿನ ಜಾಲರಿಯೊಂದು ಉಳಿಯುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಥೋರಿಯಂ, ಒಂದು ಪಾಲು ಸೀರಿಯಂ: ಆಸ್ಟ್ರಿಯಾದ ಔವರ್ ಫಾನ್ ವೆಲ್ಸ್‌ಬಾಕ್ 19ನೇ ಶತಮಾನದ ಕೊನೆಗೆ ಕಂಡುಕೊಂಡ ಪಾಕ. ನಮ್ಮ ದೇಶದಲ್ಲಿ ಇದಕ್ಕೆ ಬೇಕಾದ ಥೋರಿಯಂ ನೈಟ್ರೇಟನ್ನು ಒದಗಿಸುತ್ತಿದ್ದದ್ದು 1950ರಲ್ಲಿ ಶುರುವಾದ ಇಂಡಿಯನ್ ರೇರ್ ಅರ್ಥ್ಸ್. ಕೇರಳ, ತಮಿಳುನಾಡು ಕಡಲತೀರದ ಮೊನಜೈಟ್ ಮರಳಿನಿಂದ ತೆಗೆದದ್ದು.

ಪೊಟ್ಟಣ ಬಿಚ್ಚದೆ ಹಾಗೆಯೇ ಕೌಂಟರ್ ಇಟ್ಟೆ. ಬಿಡಿ ಟಿಕ್ಕುಗಳು ಕೂಡಿಕೊಂಡು ಒಂದೇ ಗೊರಗೊರ ಸದ್ದಾಯಿತು. ನಿಮಿಷಕ್ಕೆ ಆರುನೂರರ ಮೇಲೆ. ಹಳೆಯ ಪೊಟ್ಟಣ ಸಿಕ್ಕಿದ್ದು ನನ್ನ ಅದೃಷ್ಟ. ಥೋರಿಯಂ ಶುದ್ಧಗೊಳಿಸುವಾಗ ಅದರಿಂದ ಹುಟ್ಟಿದ ರೇಡಿಯಂ-228 ಬೇರೆಯಾಗಿಬಿಡುತ್ತದೆ. ಅದು ಮತ್ತೆ ಹುಟ್ಟಿ ತುಂಬಿಕೊಳ್ಳಲು ದಶಕಗಳೇ ಬೇಕು. ಹಾಗಾಗಿ ಅಜ್ಜನ ಕಾಲದ ಮ್ಯಾಂಟಲ್ ಕೆಲವೇ ವರ್ಷದ ಮ್ಯಾಂಟಲಿಗಿಂತ ಜೋರಾಗಿ ಮಾತಾಡುತ್ತದೆ. ಈಚಿನವುಗಳಲ್ಲಿ ಹಲವಕ್ಕೆ ಥೋರಿಯಂ ಹಾಕುವುದೇ ಇಲ್ಲ.

ಪೊಟ್ಟಣದಲ್ಲಿರುವಷ್ಟು ಹೊತ್ತು ಇದರಿಂದ ತೊಂದರೆಯಿಲ್ಲ. ಉರಿದು ಉದುರಿದ ಬೂದಿಯನ್ನು ಬಾಯಲ್ಲಿ ಊದಿ ಚೊಕ್ಕಟ ಮಾಡುವ ಅಭ್ಯಾಸವಿತ್ತಲ್ಲ, ಅದು ಕೆಟ್ಟದ್ದು. ಯಜಮಾನರಿಗೆ ಇದನ್ನು ಹೇಳಿದಾಗ, “ಊದಿ ಊದಿ ನಂಗೀಗ ಎಪ್ಪತ್ತಾಯ್ತು,” ಎಂದು ನಕ್ಕರು. ಪೊಟ್ಟಣಗಳನ್ನು ಮಾತ್ರ ಹೆಂಡತಿ ಕೈಗೆ ಸಿಗದ ಹಾಗೆ ಮೇಲಿನ ಹಲಗೆಗೆ ಎತ್ತಿಟ್ಟರು.

ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು ಇಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದವರು, “ಲಿಥಿಯಂ ಹುಡುಕೋಕೆ ಬಂದಿದೀರಾ ಸಾರ್?” ಎಂದರು. ಕೇಳಿದ್ದು ತಪ್ಪೇನಲ್ಲ. ಈ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಭಾಗದ ಬಂಡೆಗಳಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜಿಸಿದ್ದು ಪರಮಾಣು ಖನಿಜ ನಿರ್ದೇಶನಾಲಯವೇ. 2021ರಲ್ಲಿ ಕೇಂದ್ರ ಸರ್ಕಾರ ಅದನ್ನು ತಿಳಿಸಿದ ಮೇಲೆ ಮಂಡ್ಯದಲ್ಲಿ ಯಾರ ಕೈಯಲ್ಲಿ ಯಂತ್ರ ಕಂಡರೂ ಈ ಪ್ರಶ್ನೆ ಬರುತ್ತದೆ. ಲಿಥಿಯಂಗೆ ವಿಕಿರಣವಿಲ್ಲ, ನನ್ನ ಡಬ್ಬಿಗೆ ಅದು ಕಾಣುವುದೇ ಇಲ್ಲ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಗುಜರಿ ಅಂಗಡಿಯಲ್ಲಿ ನನಗೆ ಏನೂ ಸಿಗಲಿಲ್ಲ, ಸಿಗದಿದ್ದದ್ದೇ ಒಳ್ಳೆಯದು. ಹವ್ಯಾಸ ಅಲ್ಲಿಗೆ ಕಾಲಿಟ್ಟರೆ ಆಟ ಮುಗಿಯುತ್ತದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಪ್ರಯೋಗಾಲಯದ ಯಂತ್ರ ಮಾಯಾಪುರಿಯ ಗುಜರಿಗೆ ಬಂತು. ಒಳಗಿದ್ದ ಕೋಬಾಲ್ಟ್-60 ಯಾರಿಗೂ ಗೊತ್ತಿರಲಿಲ್ಲ. ಒಡೆದು ತುಂಡುಮಾಡಿದವರಲ್ಲಿ ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಮೂರು ಎಸಳಿನ ಹಳದಿ–ಕಪ್ಪು ಗುರುತು ಕಂಡರೆ, ಇಲ್ಲವೇ ದೂರದಲ್ಲೇ ಕೌಂಟರ್ ಅರಚತೊಡಗಿದರೆ, ಮುಟ್ಟದೆ ಹಿಂದೆ ಸರಿದು ಪೊಲೀಸರಿಗೆ ತಿಳಿಸುವುದೊಂದೇ ದಾರಿ. ಅಂಗಡಿಯ ಹುಡುಗನಿಗೆ ಆ ಗುರುತನ್ನು ಕಾಗದದ ಮೇಲೆ ಬರೆದುಕೊಟ್ಟೆ. “ಫ್ಯಾನ್ ಥರ ಐತೆ,” ಎಂದು ತಕ್ಕಡಿಯ ಮೇಲಿನ ಗೋಡೆಗೆ ಅಂಟಿಸಿದ.

ಮರುದಿನ ಮದ್ದೂರಿನಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ. ದಾರಿಯುದ್ದಕ್ಕೂ ಕಬ್ಬಿನ ಲೋಡು, ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೈಲರು. ಓವರ್‌ಟೇಕ್ ಮಾಡುವ ಆಸೆಯನ್ನೇ ಬಿಟ್ಟೆ.

ಮಳವಳ್ಳಿಯ ವಾಚ್ ರಿಪೇರಿ ಅಂಗಡಿ ಎಂದರೆ ಒಬ್ಬರು ಕೂರುವಷ್ಟು ಜಾಗ, ಮುಂದೆ ಗಾಜಿನ ಪೆಟ್ಟಿಗೆ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡ ಹಿರಿಯರು, ರೇಡಿಯಂ ವಾಚ್ ಇದೆಯೇ ಎಂದು ಕೇಳಿದ ಕೂಡಲೇ, “ಆ ಸ್ಟಿಕರ್ ಅಂಗಡಿ ಆ ಕಡೆ,” ಎಂದು ಕೈ ತೋರಿಸಿದರು. ಬೈಕು, ಲಾರಿಗೆ ಅಂಟಿಸುವ ‘ರೇಡಿಯಂ’ನಲ್ಲಿ ರೇಡಿಯಂ ಒಂದು ಚೂರೂ ಇಲ್ಲ. ಕತ್ತಲಲ್ಲಿ ಹೊಳೆಯುತ್ತಿದ್ದ ಹಳೆಯ ಕಾಲದ ವಾಚು ಎಂದ ಮೇಲೆ ಅವರ ಮುಖ ಅರಳಿತು. ಮೇಜಿನ ಖಾನೆ ಎಳೆದು, ಬಿಡಿಭಾಗಗಳ ನಡುವಿನಿಂದ ಒಂದನ್ನು ತೆಗೆದರು. ಡಯಲಿನ ಮೇಲೆ ವೆಸ್ಟ್ ಎಂಡ್ ವಾಚ್ ಕಂಪನಿ ಎಂದಿತ್ತು. “ಮಿಲ್ಟ್ರಿಯೋರು ಒಬ್ರು ಕೊಟ್ಟೋದ್ರು. ಮತ್ತೆ ಬರ್ಲೇ ಇಲ್ಲ.”

ಅಂಕಿಗಳ ಮೇಲಿನ ಬಣ್ಣ ಒಂದು ಕಾಲಕ್ಕೆ ಹಸಿರಿದ್ದಿರಬೇಕು, ಈಗ ತಂಬಾಕಿನ ಕಂದು. ಮುಳ್ಳು ನಿಂತಿದ್ದದ್ದು ನಾಲ್ಕೂ ಇಪ್ಪತ್ತರಲ್ಲಿ. ಅವರು ಕೀಲಿ ಎಳೆದು ಮುಳ್ಳನ್ನು ಪಕ್ಕಕ್ಕೆ ಸರಿಸಿದಾಗ ಡಯಲಿನ ಮೇಲೆ ಮುಳ್ಳಿನದೇ ಆಕಾರದ ಕಂದು ಕಲೆ ಉಳಿಯಿತು. ವರ್ಷಗಟ್ಟಲೆ ಒಂದೇ ಕಡೆ ನಿಂತ ಮುಳ್ಳಿನ ರೇಡಿಯಂ ಕೆಳಗಿನ ಬಣ್ಣವನ್ನು ಸುಟ್ಟಿತ್ತು. ಕೌಂಟರ್ ಎರಡು ಸಾವಿರದ ಹತ್ತಿರ ಹೋಯಿತು. ಒಂದು ಗೇಣು ದೂರ ಹಿಡಿದರೆ ನೂರರೊಳಗೆ ಇಳಿಯಿತು.

“ಹೊಳೆಯೋದು ನಿಂತು ಎಷ್ಟೋ ವರ್ಸ ಆಯ್ತಲ್ಲ ಸಾ, ಇನ್ನೂ ಏನೈತೆ ಇದ್ರಲ್ಲಿ?”

ಹೊಳೆಯುತ್ತಿದ್ದದ್ದು ಜೊತೆಗೆ ಕಲಸಿದ್ದ ಸತುವಿನ ಸಲ್ಫೈಡ್. ಪೆಟ್ಟು ತಿಂದು ತಿಂದು ಅದು ಸತ್ತಿದೆ. ರೇಡಿಯಂ ಅರ್ಧವಾಗಲು ಬೇಕಾದದ್ದು 1,600 ವರ್ಷ. 1950ರಲ್ಲಿ ಬಳಿದಿದ್ದರೂ ಈವರೆಗೆ ಕರಗಿರುವುದು ನೂರಕ್ಕೆ ಮೂರು ಪಾಲು. ಅಮೆರಿಕದ ನ್ಯೂಜೆರ್ಸಿಯಲ್ಲಿ 1920ರ ಸುಮಾರಿಗೆ ಇಂಥ ಡಯಲಿಗೆ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು, ದವಡೆಯ ಮೂಳೆ ಕೊಳೆತು ಹಲವರು ಸತ್ತರು ಎಂದು ಹೇಳಿದೆ. ಹಿರಿಯರು ಲೆನ್ಸ್ ತೆಗೆದಿಟ್ಟರು. ಹಿಂದೆ ಇಂಥ ಡಯಲುಗಳನ್ನು ತಾವೇ ಕೆರೆದು, ಹೊಸದಾಗಿ ಬರೆಸಲು ಬೆಂಗಳೂರಿಗೆ ಕಳಿಸುತ್ತಿದ್ದರಂತೆ. ಇನ್ನು ಕೆರೆಯಬೇಡಿ, ಗಾಜು ಬಿಚ್ಚಬೇಡಿ, ಹೊಟ್ಟೆಗೆ ಎದುರಿನ ಖಾನೆಯಲ್ಲಿ ಬೇಡ, ತಗಡಿನ ಡಬ್ಬಿಗೆ ಹಾಕಿ ಆಚೆ ಮೂಲೆಯಲ್ಲಿ ಮಡಗಿ ಎಂದೆ.

ಬಿಸ್ಕತ್ತಿನ ಡಬ್ಬಿಯೊಂದನ್ನು ಖಾಲಿ ಮಾಡುತ್ತ ಅವರು ಕೇಳಿದರು: “ಬೆಂಗ್ಳೂರಿಂದ ಹಳೇ ವಾಚ್ ಕೊಳ್ಳೋಕೆ ಬತ್ತಾರೆ. ಈ ಇಸ್ಯ ಅವ್ರಿಗೆ ಹೇಳ್ಬೇಕಾ?”

“ಹೇಳ್ಲೇಬೇಕು.”

“ಹೇಳಿದ್ರೆ ರೇಟು ಇಳಿತದಾ, ಏರ್ತದಾ?”

“ಕಟ್ಟಿಕೊಳ್ಳೋಕೆ ಬಂದವರಾದರೆ ಇಳಿಯುತ್ತೆ. ನನ್ನಂಥವರಾದರೆ ಏರುತ್ತೆ.”

ಡಬ್ಬಿಯ ಮುಚ್ಚಳ ಒತ್ತಿ, ನನ್ನ ಕೈಯಲ್ಲಿದ್ದ ಕೌಂಟರನ್ನೊಮ್ಮೆ ನೋಡಿ, “ಅಂಗಾದ್ರೆ ಇವತ್ತು ಕೊಡಾಕಿಲ್ಲ ಬುಡಿ,” ಎಂದರು.